ಮಾವನ ಗಿಟಾರಿಗೆ ಗುರುವಿಲ್ಲ

ನನ್ನ ಸೋದರಮಾವ ಈಜು ಕಲಿತದ್ದು ಮುಳುಗಿ, ಸೈಕಲ್ ಕಲಿತದ್ದು ಬಿದ್ದು, ಸ್ಕೂಟರ್ ಕಲಿತದ್ದು ಪಕ್ಕದ ಮನೆಯವರ ಹಟ್ಟಿಯೊಳಗೆ ನುಗ್ಗಿ. ಮೂರಕ್ಕೂ ಅವರಿಗೆ ಗುರುಗಳಿರಲಿಲ್ಲ. ಹಟ್ಟಿಯಲ್ಲಿದ್ದ ಎಮ್ಮೆಯನ್ನು ಗುರುವೆಂದು ಲೆಕ್ಕಕ್ಕೆ ಹಿಡಿಯುವುದಾದರೆ ಅದು ಬೇರೆ ಮಾತು! ಯಾಕೆಂದರೆ ಬ್ರೇಕ್ ಎಲ್ಲಿದೆ ಎಂಬುದು ಅವರಿಗೆ ಹೊಳೆದದ್ದು ಅದರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ ಮೇಲೆಯೇ.

"ಹೇಳಿಸಿಕೊಂಡು ಕಲಿತದ್ದು ಬಾಡಿಗೆ ಮನೆ ಇದ್ದ ಹಾಗೆ ಮಾರಾಯ್ತಿ. ಯಾವತ್ತಾದ್ರೂ ಖಾಲಿ ಮಾಡ್ಲಿಕ್ಕೆ ಉಂಟು. ತಾನೇ ಕಲಿತದ್ದು ಸ್ವಂತದ್ದು" ಎಂಬುದು ಅವರ ಸಿದ್ಧಾಂತ.

ಇಷ್ಟು ಕೇಳಿ ನೀವು ಈ ಮನುಷ್ಯ ಶಾಲೆಯ ಮೆಟ್ಟಿಲು ಹತ್ತಿದವನಲ್ಲ ಎಂದುಕೊಂಡರೆ ಅದು ನಿಮ್ಮ ತಪ್ಪಲ್ಲ. ಆದರೆ ಇವರು ರಾಮಕುಂಜದ ಕಡೆಯ ಹೈಸ್ಕೂಲೊಂದರಲ್ಲಿ ನಿವೃತ್ತಿಯವರೆಗೂ ಪಿ.ಟಿ. ಮಾಷ್ಟ್ರಾಗಿದ್ದವರು! ತಾಲೂಕಿನ ಅರ್ಧಕ್ಕರ್ಧ ಮಂದಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ಕಲಿಸಿದವರು. "ಹಾಗಾದರೆ ನೀವು ಹೇಳಿಕೊಟ್ಟದ್ದೆಲ್ಲ ಬಾಡಿಗೆ ಮನೆಯಾ ಮಾವ?" ಎಂದು ನಾನೊಮ್ಮೆ ಕೇಳಿದ್ದೆ.

"ನಾನು ಎಂತ ಹೇಳಿಕೊಟ್ಟದ್ದು? ವಿಸಿಲ್ ಊದಿದ್ದು. ಓಡಿದ್ದು ಅವರೇ" ಎಂದರು.

ಆ ವಿಸಿಲ್ ನಿವೃತ್ತಿಯಾಗಲೇ ಇಲ್ಲ. ಕಾಣಿಯೂರಿನ ಮನೆಯಲ್ಲಿ ಈಗಲೂ ಅದು ಮಾವನ ಕೊರಳಲ್ಲೇ ಇದೆ. ಚಿಕ್ಕದಾಗಿ ಊದಿದರೆ ಕಾಫಿ ಬೇಕೆಂದು ಅರ್ಥ, ಉದ್ದಕ್ಕೆ ಊದಿದರೆ ಕನ್ನಡಕ ಕಾಣುವುದಿಲ್ಲವೆಂದು. ಅತ್ತೆ ಮಾತ್ರ ಒಂದು ದಿನವೂ ವಿಸಿಲ್ ಕೇಳಿ ಓಡಿ ಬಂದವರಲ್ಲ. "ಕುಕ್ಕರೂ ಊದ್ತದೆ. ಅದು ಊದಿದ್ರೆ ಅನ್ನವಾದ್ರೂ ಆಗ್ತದೆ" ಎನ್ನುತ್ತಾರೆ.

ಅತ್ತೆಯ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಊರಿನ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಭಜನೆ. ತಾಳ ಹಿಡಿದು ಮೊದಲ ಸಾಲು ಎತ್ತಿಕೊಡುವವರು ನಮ್ಮತ್ತೆ. ಅವರು ಎತ್ತಿಕೊಟ್ಟರೆ ರಸ್ತೆಯಲ್ಲಿ ಹೋಗುವವರೂ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತಿದ್ದರು. ಅಂಥವರಿಗೆ ಥೈರಾಯಿಡ್ ಗಡ್ಡೆಗೆಂದು ಕುತ್ತಿಗೆಯ ಆಪರೇಷನ್ ಆಯಿತು. ಜೀವಕ್ಕೆ ಏನೂ ತೊಂದರೆಯಾಗಲಿಲ್ಲ, ದೇವರು ದೊಡ್ಡವನು. ಮಾತಿಗೂ ತೊಂದರೆಯಾಗಲಿಲ್ಲ. ಅದರಲ್ಲಿ ಎಳ್ಳಷ್ಟೂ ಕಡಿಮೆಯಾಗಿಲ್ಲವೆಂದು ಮಾವನೇ ಸಾಕ್ಷಿ ಹೇಳುತ್ತಾರೆ. ಆದರೆ ಹಾಡುವ ಸ್ವರ ಮಾತ್ರ ಕೆಳಗೆ ಇಳಿದುಬಿಟ್ಟಿತು.

ಗುಣವಾಗಿ ಮೊದಲ ಸಲ ಭಜನೆಗೆ ಹೋದ ದಿನ ಹಾರ್ಮೋನಿಯಂನವರು ಹಳೆಯ ಶ್ರುತಿಯಲ್ಲೇ ಶುರುಮಾಡಿದರು. ಬೇರೆ ಶ್ರುತಿ ಅವರಿಗೂ ಬಾರದು. ಒಂದು ಸ್ವರದ ಮನೆ ಕೆಳಗಿಳಿದರೆ ಬೆರಳುಗಳಿಗೆ ದಾರಿ ತಪ್ಪುತ್ತದೆ. ಅತ್ತೆಯ ಸ್ವರ ಎರಡನೆಯ ಸಾಲಿನಲ್ಲೇ ಒಡೆಯಿತು. ಅವರು ತಾಳವನ್ನು ಪಕ್ಕದವರ ಕೈಗೆ ಕೊಡಲಿಲ್ಲ. ಮೆಲ್ಲಗೆ ಮಡಿಲಲ್ಲಿಟ್ಟುಕೊಂಡು ಮಂಗಳಾರತಿಯವರೆಗೂ ಕೂತು, ಮನೆಗೆ ಬಂದು ದೇವರಕೋಣೆಯ ಬಾಗಿಲಿನ ಹಿಂದೆ ಮೊಳೆಗೆ ಸಿಕ್ಕಿಸಿದರು. "ನನ್ನದು ಇಷ್ಟೇ" ಎಂದರು. ಮತ್ತೆ ಮಂದಿರದ ಕಡೆಗೆ ಹೋಗಲಿಲ್ಲ. ಕರೆಯಲು ಬಂದವರಿಗೆಲ್ಲ ಚಾ ಕೊಟ್ಟು ಕಳಿಸಿದರು. ನಾನು ಹೇಳಿದೆ, ನನ್ನಮ್ಮ ಹೇಳಿದರು, ಊರಿಗೆ ಊರೇ ಹೇಳಿತು. ಕೇಳಬೇಕಲ್ಲ! ಅತ್ತೆ ಮತ್ತೆ ಹಾಡಬೇಕೆಂದು ನಮ್ಮೆಲ್ಲರ ಆಸೆ. ಆದರೆ ಆ ಮೊಳೆಯಿಂದ ತಾಳ ಇಳಿಸುವ ಉಪಾಯ ಯಾರಿಗೂ ತಿಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಮಾವ ಮಾಡಿದ್ದೇನು? ಗಿಟಾರ್ ಕೊಂಡರು!

ನಾನು ಪುತ್ತೂರಿನ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದಗಳ ಅಕ್ಷರ ಜೋಡಿಸುವವಳು. ಹಗಲಿಡೀ ಬೇರೆಯವರ ತಪ್ಪು ತಿದ್ದಿಯೇ ನನ್ನ ಹೊಟ್ಟೆಪಾಡು. ಹಾಗಾಗಿ ಎಲ್ಲಿ ತಪ್ಪು ಕಂಡರೂ ಕೈ ಸುಮ್ಮನಿರುವುದಿಲ್ಲ. ಆದಿತ್ಯವಾರ ಬಸ್‌ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮಾಳಿಗೆಯ ಮೇಲಿರುವ ಗಿಟಾರ್ ಕ್ಲಾಸಿಗೆ ಹೋಗುತ್ತೇನೆ. ಕ್ರಮವಾಗಿ, ಫೀಸು ಕೊಟ್ಟು, ನೆಟ್ಟಗೆ ಕೂತು ಕಲಿಯುವವಳು ನಾನು. ಅದಕ್ಕೇ ಗಿಟಾರ್ ಆರಿಸಲು ಮಾವ ನನ್ನನ್ನೇ ಕರೆದುಕೊಂಡು ಹೋದರು. ಅಂಗಡಿಯವನು ಒಂದೊಂದೇ ಇಳಿಸಿ ಮರ ಯಾವುದು, ಬಣ್ಣ ಯಾವುದು ಎಂದು ವರ್ಣಿಸಿದ. ಮಾವ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಇದರ ತಂತಿ ಎಷ್ಟು ಸಡಿಲ ಮಾಡ್ಲಿಕ್ಕೆ ಆಗ್ತದೆ?"

ಅಂಗಡಿಯವನು ನನ್ನ ಮುಖ ನೋಡಿದ. "ಬಿಗಿ ಮಾಡುದನ್ನು ಕೇಳ್ತಾರೆ ಸರ್. ಸಡಿಲ ಮಾಡುದನ್ನು ಈವರೆಗೆ ಯಾರೂ ಕೇಳ್ಲಿಲ್ಲ."

"ಈಗ ನಾನು ಕೇಳಿದೆನಲ್ಲ!"

ಗಿಟಾರ್ ಮನೆಗೆ ಬಂತು. ಅತ್ತೆ ತಮ್ಮ ಹಳೆಯ ಹೊದಿಕೆಯಿಂದ ಅದಕ್ಕೊಂದು ಚೀಲ ಹೊಲಿದುಕೊಟ್ಟರು. ನನಗೋ ಒಳಗೊಳಗೇ ಸಿಟ್ಟು. ಹೆಂಡತಿಗೆ ಸ್ವರ ಇಳಿದ ದುಃಖ, ಗಂಡನಿಗೆ ಈ ಪ್ರಾಯದಲ್ಲಿ ಸಂಗೀತದ ಹುಚ್ಚು! ಆದರೂ ಕ್ಲಾಸಿನವಳೆಂಬ ಕರ್ತವ್ಯದಿಂದ, "ನಮ್ಮ ಸರ್ ಹತ್ರ ಸೇರಿಸ್ತೇನೆ ಮಾವ, ಮೊದಲೇ ತಪ್ಪು ಅಭ್ಯಾಸ ಆದ್ರೆ ಮತ್ತೆ ಹೋಗುದಿಲ್ಲ" ಎಂದೆ.

"ನೀನು ಕ್ಲಾಸಿಗೆ ಹೋಗ್ಲಿಕ್ಕೆ ಶುರುಮಾಡಿ ಎಷ್ಟು ಕಾಲ ಆಯ್ತು? ಒಂದು ಹಾಡು ಬಾರಿಸು ನೋಡುವ."

"ಹಾಡು ಇನ್ನೂ ಹೇಳಿಕೊಡ್ಲಿಲ್ಲ. ಈಗ ಬೆರಳಿನ ಅಭ್ಯಾಸ ನಡೀತಾ ಉಂಟು."

"ಹೌದಾ?" ಎಂದು ಮಾವ ಮೀಸೆಯೊಳಗೆ ನಕ್ಕರು.

ಮಾವನ ಸ್ವಯಂಶಿಕ್ಷಣ ಶುರುವಾಯಿತು. ಗಿಟಾರಿಗೆ ಆರು ತಂತಿ, ವಾಲಿಬಾಲಿಗೆ ಆರು ಜನ. ಮಾವನಿಗೆ ಇನ್ನೇನು ಬೇಕು! ದಪ್ಪ ತಂತಿ ಸರ್ವಿಸ್ ಮಾಡುವವನು, ನಡುವಿನವನು ಚೆಂಡು ಎತ್ತಿಕೊಡುವ ಲಿಫ್ಟರ್, ಕೊನೆಯ ಸಪೂರ ತಂತಿ ನೆಟ್ಟಿನ ಹತ್ತಿರ ಹಾರಿ ಹೊಡೆಯುವವನು. ಸಪೂರ ತಂತಿ ಬೇಗ ಬೇಗ ತುಂಡಾಗತೊಡಗಿತು. ಯಾಕೆಂದು ಮಾವ ಜಗಲಿಯಲ್ಲಿ ಕೂತು ಆಲೋಚಿಸಿದರು. ನಾವಾಗಿದ್ದರೆ ಫೋನು ಮಾಡಿ ಯಾರನ್ನಾದರೂ ಕೇಳುತ್ತಿದ್ದೆವು. ಅವರು ಕೇಳುವ ಜಾತಿಯಲ್ಲವಲ್ಲ!

"ಒಬ್ಬನನ್ನೇ ಇಡೀ ಹೊತ್ತು ನೆಟ್ಟಿನ ಹತ್ರ ನಿಲ್ಲಿಸಿದ್ರೆ ಅವ ಬಚ್ಚಿ ಸುಸ್ತಾಗುದಿಲ್ವಾ? ರೊಟೇಶನ್ ಬೇಕು" ಎಂದು ತೀರ್ಮಾನಿಸಿದರು. ತಂತಿಗಳನ್ನೆಲ್ಲ ಬಿಚ್ಚಿ, ವಾಲಿಬಾಲಿನ ನಿಯಮದಂತೆ ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ ಮತ್ತೆ ಕಟ್ಟಿದರು! ಸರ್ವಿಸ್ ಮಾಡುತ್ತಿದ್ದ ದಪ್ಪ ತಂತಿ ಸಪೂರ ತಂತಿಯ ಜಾಗಕ್ಕೆ ಬಂತು. ಅಲ್ಲಿನ ಸಣ್ಣ ಕಚ್ಚಿನಲ್ಲಿ ಅದು ಕೂರುವುದುಂಟೇ? ಮಾವ ಗಿಟಾರಿನ ತಿರುಪನ್ನು ತಿರುಗಿಸಿದರು, ಇನ್ನಷ್ಟು ತಿರುಗಿಸಿದರು. ತಂತಿ ಟಣ್ಣೆಂದು ಹಾರಿ ಅವರ ಮೂಗಿನ ಮೇಲಿನ ಕನ್ನಡಕವನ್ನು ಅಂಗಳಕ್ಕೆ ಎಸೆಯಿತು.

ಒಳಗಿನಿಂದ ಅತ್ತೆಯ ಸ್ವರ ಕೇಳಿತು. "ಫೌಲ್!"

ರೊಟೇಶನ್ ಬಿಟ್ಟರು. ಆಮೇಲೆ ಶುರುವಾದದ್ದು ಕಿವಿ ತಿರುಪುವ ಕಾಂಡ. ಗಿಟಾರಿನ ಕಿವಿ ಎಂದರೆ ತಂತಿಯನ್ನು ಬಿಗಿ, ಸಡಿಲ ಮಾಡುವ ತಿರುಪುಗಳು. ಮಾವ ಬೆಳಗ್ಗೆ ಜಗಲಿಯಲ್ಲಿ ಕೂತು ಟೊಂಯ್ ಎನ್ನಿಸುತ್ತಾರೆ. ತಲೆ ಓರೆ ಮಾಡಿ ಕೇಳುತ್ತಾರೆ. ಕಿವಿ ತಿರುಪುತ್ತಾರೆ. ಮತ್ತೆ ಟೊಂಯ್. ಸಂಜೆಯೂ ಅದೇ. ಮರುದಿನವೂ ಅದೇ. ಆ ಗಿಟಾರಿನಿಂದ ಒಂದು ಹಾಡಲ್ಲ, ಹಾಡಿನ ಬಾಲವೂ ಹೊರಗೆ ಬರಲಿಲ್ಲ. ಹಾಲು ತರುವವರು, ಮೀಟರ್ ನೋಡುವವರು, ಎಲ್ಲರೂ ಆ ಟೊಂಯ್ ಟೊಂಯ್‌ಗೆ ಒಗ್ಗಿಹೋದರು. ಎದುರು ಮನೆಯವರು ಒಂದು ದಿನ ಬೇಲಿಯ ಆಚೆ ನಿಂತು ತುಂಬಾ ಮರ್ಯಾದೆಯಿಂದ ಕೇಳಿದರು.

"ಮಾಷ್ಟ್ರೇ, ಅದು ಯಾವಾಗ ರಿಪೇರಿ ಆಗುದು?"

ಆಲೆಟ್ಟಿಯಲ್ಲಿ ನನ್ನ ಅಕ್ಕನ ಹೊಸ ಮನೆಯ ಒಕ್ಕಲಿಗೂ ಮಾವ ಗಿಟಾರ್ ಹೆಗಲಿಗೇರಿಸಿಕೊಂಡೇ ಬಂದಿದ್ದರು. ಪೂಜೆ ಮುಗಿದ ಮೇಲೆ ಭಾವ ಬಾಯಿಮಾತಿಗೆ, "ಒಂದು ಹಾಡು ಆಗ್ಬಹುದಿತ್ತು" ಎಂದುಬಿಟ್ಟರು. ಅಷ್ಟೇ ಸಾಕಾಯಿತು! ಮಾವ ಚಾಪೆಯ ನಡುವೆ ಕೂತರು. ನೆಂಟರೆಲ್ಲ ಸುತ್ತ ಕೂತರು. ಟೊಂಯ್. ಕಿವಿ ತಿರುಪಿದರು. ಟೊಂಯ್. ಹೆಂಗಸರ ಗುಂಪಿನಲ್ಲಿದ್ದ ಅತ್ತೆಯ ಕಡೆ ನೋಡಿದರು. ಅತ್ತೆ ಯಾರದೋ ಹೆರಿಗೆಯ ಸುದ್ದಿಯಲ್ಲಿ ಮುಳುಗಿದ್ದರು. ಮತ್ತೆ ತಿರುಪಿದರು. ಅಷ್ಟರಲ್ಲಿ ಎಲೆ ಹಾಕಿದರು, ಸಾರು ಬಂತು, ಸುತ್ತ ಕೂತವರು ಒಬ್ಬೊಬ್ಬರಾಗಿ ಜಾರಿ ಪಂಕ್ತಿ ಸೇರಿದರು. ಪಾಯಸ ಬರುವಾಗಲೂ ಮಾವ ತಿರುಪುತ್ತಲೇ ಇದ್ದರು. ಕೊನೆಗೆ, "ಇಲ್ಲಿ ಶ್ರುತಿ ಸಿಗುದಿಲ್ಲ" ಎಂದು ಚೀಲಕ್ಕೆ ತುಂಬಿದರು. ಕೈತೊಳೆದು ಬಂದ ಹಿರಿಯರೊಬ್ಬರು ಅವರ ಬೆನ್ನು ತಟ್ಟಿದರು. "ಭಾರೀ ಲಾಯ್ಕ ಮಾಷ್ಟ್ರೇ. ಕಿವಿಗೆ ಎಂತದೂ ಉಪದ್ರ ಇಲ್ಲ."

ಎಲ್ಲರೂ ನಕ್ಕರು, ಮಾವನೂ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನಮ್ಮ ಮಾವನನ್ನು ನೋಡಿ ನಾನು ನಗಬಹುದು, ಪರವೂರಿನವರು ನಗುವುದೆಂದರೇನು! ಮುಂದಿನ ಆದಿತ್ಯವಾರ ಕ್ಲಾಸಿಗೆ ಬರದಿದ್ದರೆ ನಿಮ್ಮ ಮನೆಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದೆ. ಹೆಣ್ಣುಮಗಳ ಹಟಕ್ಕೆ ಮಾವ ಸೋತರು. ಗಿಟಾರ್ ಚೀಲ, ಕೊರಳಲ್ಲಿ ವಿಸಿಲ್, ಕೈಯಲ್ಲಿ ಕೊಡೆ. ಬೇಕರಿಯ ಮಾಳಿಗೆಯ ಮೆಟ್ಟಿಲು ಹತ್ತಿದರು.

ನಮ್ಮ ಸರ್ ಅವರನ್ನು ಕಂಡದ್ದೇ ತಡ, ಕುರ್ಚಿಯಿಂದೆದ್ದು ಹಿಮ್ಮಡಿ ಕೂಡಿಸಿ ಅಟೆನ್ಷನ್‌ನಲ್ಲಿ ನಿಂತುಬಿಟ್ಟರು! ಮಾವ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. "ನೀನು ಹೈಜಂಪಿನವನಲ್ವಾ? ಸೊಂಟ ಎತ್ತು ಅಂದ್ರೆ ತಲೆ ಎತ್ತುತ್ತಿದ್ದವ?"

"ಹೌದು ಸರ್" ಎಂದರು ನಮ್ಮ ಸರ್, ಐದನೆಯ ಕ್ಲಾಸಿನ ಮಗುವಿನಂತೆ. ನನ್ನ ಗುರುವಿಗೂ ಗುರು ನನ್ನ ಮಾವನೇ ಆಗಿದ್ದರೆ ನಾನು ಯಾರ ಹತ್ತಿರ ದೂರು ಕೊಡಲಿ ಹೇಳಿ!

ಹಳೆಯ ಮಾಷ್ಟ್ರಿಗೆ ಏನಾದರೂ ಸೇವೆ ಮಾಡಬೇಕೆಂದು ಆ ಪಾಪದವರಿಗೆ ಅನ್ನಿಸಿರಬೇಕು. "ಕೊಡಿ ಸರ್, ಇದು ತುಂಬಾ ಇಳಿದುಹೋಗಿದೆ, ಸರಿ ಮಾಡಿ ಕೊಡ್ತೇನೆ" ಎಂದು ಗಿಟಾರ್ ತೆಗೆದುಕೊಂಡರು. ಮಾವ ಕೊಡೆಯನ್ನು ಮೂಲೆಯಲ್ಲಿಟ್ಟು ತಿರುಗುವುದರೊಳಗೆ ಫೋನಿನಲ್ಲಿ ಶ್ರುತಿ ನೋಡುವ ಟ್ಯೂನರ್ ತೆರೆದು, ಆರು ತಂತಿಯನ್ನೂ ಬಿಗಿದು, ಒಂದೊಂದಕ್ಕೂ ಹಸಿರು ದೀಪ ಬರಿಸಿಯೇಬಿಟ್ಟರು. "ಆಯ್ತು ಸರ್!"

ಮಾವ ಒಮ್ಮೆ ತಂತಿಗಳ ಮೇಲೆ ಬೆರಳೆಳೆದರು. ಅವರ ಮುಖ ಬಾಡಿತು.

"ಎಂತ ಮಾಡಿದೆ ಮಾರಾಯ ನೀನು?"

ಯಾರಿಗೂ ಏನೂ ಅರ್ಥವಾಗಲಿಲ್ಲ. ಮಾವ ಗಿಟಾರನ್ನು ಚೀಲಕ್ಕೆ ತುಂಬಿದರು, ವಿಸಿಲ್ ಬಾಯಿಗಿಟ್ಟು ಮ್ಯಾಚು ಮುಗಿದ ಹಾಗೆ ಉದ್ದಕ್ಕೆ ಊದಿದರು, ಮೆಟ್ಟಿಲಿಳಿದರು. ಕೆಳಗೆ ಬೇಕರಿಯಲ್ಲಿ ಪಫ್ಸ್ ತಿನ್ನುತ್ತಿದ್ದವರೆಲ್ಲ ಹೊರಗೆ ಬಂದು ನೋಡಿದರು. ಬಸ್‌ಸ್ಟ್ಯಾಂಡಿನವರೆಗೂ ನಾನು ಹಿಂದಿನಿಂದ ಬೈದುಕೊಂಡೇ ಹೋದೆ.

"ಅವರು ತಪ್ಪಿದ್ದನ್ನು ಸರಿ ಮಾಡಿದ್ದಲ್ವಾ ಮಾವ? ಇಷ್ಟು ಕೋಪ ಎಂತಕ್ಕೆ?"

"ಸರಿ ಇದ್ದದ್ದನ್ನು ತಪ್ಪು ಮಾಡಿದ್ದು" ಎಂದು ಹೇಳಿ ಕಾಣಿಯೂರಿನ ಬಸ್ಸು ಹತ್ತಿದರು. ನಾನು ಟಾಟಾ ಮಾಡಿದರೂ ತಿರುಗಿ ನೋಡಲಿಲ್ಲ. ಇನ್ನು ಇವರ ಸುದ್ದಿಗೇ ಹೋಗಬಾರದೆಂದು ನಾನೂ ನಿಶ್ಚಯಿಸಿದೆ.

ಆದರೆ ಕೊಡೆ ಕ್ಲಾಸಿನಲ್ಲೇ ಉಳಿದಿತ್ತಲ್ಲ! ನಮ್ಮ ಸರ್ ಅದನ್ನು ಗುರುಪಾದುಕೆಯಂತೆ ಎರಡೂ ಕೈಯಲ್ಲಿ ಹಿಡಿದು ನನ್ನ ವಶಕ್ಕೆ ಕೊಟ್ಟರು. ಮುಂದಿನ ಶನಿವಾರ ಮಧ್ಯಾಹ್ನದ ಮೇಲೆ ಪ್ರೆಸ್ಸಿಗೆ ರಜೆ ಹಾಕಿ ಕಾಣಿಯೂರಿಗೆ ಹೋದೆ.

ಅಂಗಳಕ್ಕೆ ಕಾಲಿಡುವಾಗಲೇ ಟೊಂಯ್ ಎಂದು ಕೇಳಿತು. ಮಾವ ಜಗಲಿಯಲ್ಲಿ ಗಿಟಾರ್ ಮೇಲೆ ಬಗ್ಗಿ ಕೂತಿದ್ದರು. ನಾನು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರೆಂದು ಸನ್ನೆ ಮಾಡಿದರು. ಆಗ ಕೇಳಿತು. ಅಡುಗೆಮನೆಯಲ್ಲಿ ಅತ್ತೆ ಗುನುಗುತ್ತಿದ್ದರು. ತೀರಾ ಕೆಳಗಿನ ಸ್ವರ, ಹಳೆಯ ಅತ್ತೆಯದ್ದೆಂದು ಗುರುತೇ ಸಿಗದ ಸ್ವರ. ಮಾವ ಒಂದು ತಂತಿಯನ್ನು ಮೀಟಿ, ಕಿವಿಯನ್ನು ಅಡುಗೆಮನೆಯ ಕಡೆ ಕೊಟ್ಟು, ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದರು. ತಂತಿ ಹೋಗಿ ಆ ಗುನುಗಿನ ಪಕ್ಕದಲ್ಲಿ ನಿಂತಿತು.

ನಾನು ಮೆಟ್ಟಿಲಲ್ಲೇ ಕುಳಿತೆ.

"ಹಾರ್ಮೋನಿಯಂನವರಿಗೆ ಇಳಿಸ್ಲಿಕ್ಕೆ ಬರುದಿಲ್ಲ. ಇದನ್ನು ಇವಳು ಇರುವಲ್ಲಿಯವರೆಗೆ ಇಳಿಸ್ಬಹುದು" ಎಂದು ಮಾವ ಪಿಸುಗುಟ್ಟಿದರು. "ಒಬ್ಬನನ್ನು ಇವಳ ಹತ್ರ ನಿಲ್ಲಿಸಿದ್ರೆ ಉಳಿದವರನ್ನು ಅವನ ಹಿಂದೆ ಲೈನಿನಲ್ಲಿ ನಿಲ್ಲಿಸ್ಬಹುದು. ಮತ್ತೆ ಬೆರಳಿಗೆ ಮೂರು ಹಿಡಿತ ಸಾಕು, ಅದು ಸ್ವಲ್ಪ ಸ್ವಲ್ಪ ಬರ್ತದೆ, ಇವಳ ಭಜನೆ ನಡೀತದೆ. ಎಲ್ಲಾ ಸರಿ ಮಾಡಿ ಇಟ್ಟಿದ್ದೆ. ಆ ಹೈಜಂಪಿನವ ಹಾಳು ಮಾಡಿದ."

"ಅಲ್ಲಿಯೇ ಹೇಳ್ಬಹುದಿತ್ತಲ್ಲ ಮಾವ!"

"ನಿನ್ನೆದುರು ಹೇಳಿದ್ರೆ ಸಂಜೆಯ ಒಳಗೆ ಇವಳ ಕಿವಿಗೆ ಬೀಳ್ತದೆ. ನಾನು ಕೇಳ್ತೇನೆ ಅಂತ ಗೊತ್ತಾದ್ರೆ ಗುನುಗುದನ್ನೂ ನಿಲ್ಲಿಸ್ತಾಳೆ ಮಾರಾಯ್ತಿ. ಈಗ ಉಳಿದದ್ದು ಅದೊಂದೇ."

ಇಷ್ಟು ದಿನ ಈ ಮನುಷ್ಯನನ್ನು ಹುಚ್ಚನೆಂದು ತಿಳಿದಿದ್ದೆನಲ್ಲ! ಅಲ್ಲಿ ಕೂತರೆ ಅತ್ತುಬಿಡುತ್ತೇನೆಂದು ಹೆದರಿ, ಕೊಡೆಯನ್ನು ಮೂಲೆಯಲ್ಲಿಟ್ಟು ಒಳಗೆ ಹೋದೆ.

ಅತ್ತೆ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಸೊಳೆ ಬಿಡಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು, ಆದರೆ ಗುನುಗುವುದು ನಿಲ್ಲಲಿಲ್ಲ. ಮಣೆಯನ್ನು ಕಾಲಿನಿಂದಲೇ ನನ್ನ ಕಡೆ ದೂಡಿದರು. ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಮೆಲ್ಲಗೆ ಹೇಳಿದರು.

"ಒಂದು ಚೂರು ತಡಿ ಮಗಾ, ಚಾ ಮಾಡ್ತೇನೆ. ಇವರದ್ದು ಮೂರನೆಯ ತಂತಿ ಇನ್ನೂ ಸ್ವಲ್ಪ ಮೇಲೆ ಉಂಟು."

ಮತ್ತೆ ಅದೇ ಸ್ವರ ಹಿಡಿದರು.

ನಾನು ಬೆಪ್ಪಾಗಿ ನೋಡಿದೆ. "ಅತ್ತೆ, ನಿಮಗೆ ಗೊತ್ತುಂಟಾ?"

"ಗೊತ್ತಿಲ್ಲದೆ! ಆ ಟೊಂಯ್ ಟೊಂಯ್ ನನ್ನ ಹಿಂದೆಯೇ ಬರುದು ಕೇಳುದಿಲ್ವಾ ನನಗೆ? ಹಾಡು ಬದಲಾಯಿಸಿದ್ರೆ ಪಾಪ, ಇವರು ಪುನಃ ಎಲ್ಲಾ ತಂತಿ ಬಿಚ್ತಾರೆ. ಅದಕ್ಕೆ ಒಂದೇ ಸ್ವರ ಹಿಡ್ಕೊಂಡು ಕೂತದ್ದು." ಹೊರಗಿನಿಂದ ಒಂದು ಟೊಂಯ್ ಕೇಳಿತು. ಅತ್ತೆ ತಲೆಯಲ್ಲಾಡಿಸಿ, ಸ್ವರವನ್ನು ಇನ್ನಷ್ಟು ಗಟ್ಟಿಯಾಗಿ, ನಿಚ್ಚಳವಾಗಿ ಹಿಡಿದರು. ತಂತಿ ಇಳಿಯಿತು, ಇಳಿಯಿತು, ಬಂದು ಸೇರಿತು. "ಹಾಂ, ಅಲ್ಲಿಗೇ" ಎಂದರು, ತಮ್ಮಷ್ಟಕ್ಕೆ. "ನೀನು ಇವರಿಗೆ ಹೇಳ್ಬೇಡ, ಆಯ್ತಾ? ತಾನೇ ಕಲಿತದ್ದು ಅಂತ ಒಂದು ಉಂಟಲ್ಲ ಇವರಿಗೆ."

ಜಗಲಿಯಲ್ಲಿ ಮಾವ ಆರೂ ತಂತಿಗಳನ್ನು ಒಟ್ಟಿಗೆ ಮೀಟಿದರು. ಬೆರಳುಗಳು ತಡವರಿಸುತ್ತಾ ಒಂದು ಹಿಡಿತದಿಂದ ಇನ್ನೊಂದಕ್ಕೆ ಹೋದವು. ಹೇಳಿಕೊಳ್ಳುವಂಥ ವಾದನವೇನಲ್ಲ. ನಮ್ಮ ಸರ್ ಕೇಳಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೆ ಅತ್ತೆ ಸೊಳೆಯನ್ನು ತಟ್ಟೆಗೆ ಹಾಕಿದರು. ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡರು. ಎದ್ದು ಹೋಗಿ ಬಾಗಿಲ ದಾರಂದಕ್ಕೆ ಒರಗಿ ನಿಂತು, ಶನಿವಾರದ ಭಜನೆಯ ಮೊದಲ ಸಾಲನ್ನು ಎತ್ತಿಕೊಟ್ಟರು. ಸ್ವರ ಎಲ್ಲಿಯೂ ಒಡೆಯಲಿಲ್ಲ. ಎರಡನೆಯ ಸಾಲಿನಲ್ಲಿಯೂ ಒಡೆಯಲಿಲ್ಲ. ಬಾವಿಯ ನೀರಿನಂಥ ತಣ್ಣಗಿನ, ಆಳದ ಸ್ವರ. ಮಾವನ ಕೈ ಖುಷಿಯಿಂದ ವಿಸಿಲ್ ಕಡೆಗೆ ಹೋಯಿತು. ಬಾಯಿಯವರೆಗೂ ಬಂತು. ಊದಲಿಲ್ಲ. ಕೆಳಗೆ ಬಿಟ್ಟು ಮತ್ತೆ ತಂತಿ ಹಿಡಿದರು.

ಹಾಡು ಮುಗಿದಾಗ ಅತ್ತೆ ದೇವರಕೋಣೆಗೆ ಹೋಗಿ ಬಂದರು. ಕೈಯಲ್ಲಿ ತಾಳ ಇತ್ತು. "ಭಜನೆ ಶುರುವಾಗ್ಲಿಕ್ಕೆ ಇನ್ನು ಹೊತ್ತುಂಟಲ್ಲ? ನಾನು ಸೀರೆ ಬದಲಾಯಿಸಿ ಬರ್ತೇನೆ" ಎಂದರು.

ಮೂವರೂ ಮಂದಿರಕ್ಕೆ ಹೊರಟೆವು. ಮಾವ ಗಿಟಾರ್ ಹೆಗಲಿಗೇರಿಸಿ ಮುಂದಿನಿಂದ ಎಡ ಬಲ ಎಂದು ಕಾಲು ಹಾಕುತ್ತಿದ್ದರು. ಗೇಟು ದಾಟಿದ್ದೇ ನನ್ನ ಕಡೆ ತಿರುಗಿದರು. ಮುಖದಲ್ಲಿ ಗೆದ್ದ ಟೀಮಿನ ಕಳೆ.

"ನೋಡಿದೆಯಾ? ಕ್ಲಾಸು ಬೇಕಾಯ್ತಾ? ಯಾರ ಹತ್ರವೂ ಹೇಳಿಸಿಕೊಂಡದ್ದಲ್ಲ!"

ನಾನು ಅತ್ತೆಯ ಕಡೆ ನೋಡಿದೆ. ಅವರು ನಗು ತಡೆಯಲು ಸೆರಗನ್ನು ಬಾಯಿಗೆ ಹಿಡಿದಿದ್ದರು. "ಹೌದು ಮಾವ, ಯಾರ ಹತ್ರವೂ ಅಲ್ಲ" ಎಂದೆ. ಜೀವನದಲ್ಲಿ ಮೊದಲ ಸಲ ಒಂದು ತಪ್ಪನ್ನು ತಿದ್ದದೆ ಬಿಟ್ಟೆ.

ಮಾವ ಸಮಾಧಾನದಿಂದ ಮುಂದೆ ನಡೆದರು. ಹಿಂದಿನಿಂದ ಅತ್ತೆ ದಾರಿಯುದ್ದಕ್ಕೂ ಅದೇ ಸ್ವರವನ್ನು ಮೆಲ್ಲಗೆ ಗುನುಗುತ್ತಲೇ ಬಂದರು. ಮಂದಿರ ಮುಟ್ಟುವುದರೊಳಗೆ ತಂತಿ ಎಲ್ಲಾದರೂ ಜಾರಿದರೆ ಮಾವನಿಗೆ ಸಿಗಬೇಕಲ್ಲ!